ಇಲ್ಲದ ಬೆಕ್ಕು

ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಬೆಕ್ಕು. ಅದೂ ಯಾರ ಕಣ್ಣಿಗೂ ಬೀಳದ ಬೆಕ್ಕು.

ಮಕ್ಕಳ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅವನನ್ನು ಎಲ್ಲರೂ ಧೂಳಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಸೀನು, ಉಬ್ಬಸ, ಮೈತುರಿಕೆ ಇರುವ ಮಕ್ಕಳ ಮನೆಗೆ ಹೋಗಿ, ಅವರು ಮಲಗುವ ಹಾಸಿಗೆಯ ಮೇಲೆ ಪುಟ್ಟ ಯಂತ್ರವೊಂದನ್ನು ಆಡಿಸಿ, ಅದರ ಮೂತಿಗೆ ಕಟ್ಟಿದ ಬಟ್ಟೆಯ ಚೀಲದಲ್ಲಿ ಧೂಳು ಹಿಡಿದು ತರುವುದು ಅವನ ಕೆಲಸ. ಆ ಧೂಳಲ್ಲಿ ಏನೇನಿದೆ ಎಂದು ಪ್ರಯೋಗಾಲಯದವರು ನೋಡುತ್ತಿದ್ದರು. ಯಾವ ಮಗುವಿಗೆ ಯಾವುದು ಒಗ್ಗುವುದಿಲ್ಲ ಎಂದು ಕಂಡುಹಿಡಿಯುವ ದೊಡ್ಡ ಅಧ್ಯಯನ ಅದು.

ಆವತ್ತು ಬೆಳಿಗ್ಗೆ ಡಾಕ್ಟರಮ್ಮ ಅವನನ್ನು ತಮ್ಮ ಕೊಠಡಿಗೆ ಕರೆದು ಬಾಗಿಲು ಮುಚ್ಚಿದರು. ಅಧ್ಯಯನಕ್ಕೆಲ್ಲ ಅವರೇ ಮುಖ್ಯಸ್ಥೆ. ಯಾರನ್ನೂ ನಂಬುವ ಪೈಕಿಯಲ್ಲ. ಕೈಗಡಿಯಾರವನ್ನು ಗೋಡೆ ಗಡಿಯಾರದ ಜೊತೆ ತಾಳೆ ನೋಡಿ, ಎರಡೂ ಒಂದೇ ಸಮಯ ತೋರಿಸಿದರೆ ಎರಡರ ಮೇಲೂ ಅನುಮಾನಪಡುವಂಥವರು.

“ಎಲ್ಲ ಮನೆ ಧೂಳಲ್ಲೂ ಬೆಕ್ಕಿದೆ” ಎಂದರು ಮೆಲ್ಲಗೆ.

“ಬೆಕ್ಕೇ, ಮೇಡಂ?”

“ಬೆಕ್ಕಿನ ಅಂಶ ಕಣ್ರೀ. ಕೂದಲು, ಚರ್ಮದ ಹೊಟ್ಟು. ಆದ್ರೆ ಬೆಕ್ಕು ಸಾಕಿದೀರಾ ಅಂತ ಕೇಳಿದ್ರೆ ಒಬ್ಬರೂ ಹೂಂ ಅನ್ನಲ್ಲ. ಎಲ್ಲಾರೂ ಸುಳ್ಳು ಹೇಳ್ತಿದಾರೆ.”

“ಅಷ್ಟೂ ಜನ ಸೇರಿ ಸುಳ್ಳು ಹೇಳ್ತಾರಾ ಮೇಡಂ?”

“ಬೆಕ್ಕಿನ ವಿಷಯದಲ್ಲಿ ಮನುಷ್ಯರನ್ನ ನಂಬೋಕಾಗಲ್ಲ. ಇವತ್ತು ಪುಟ್ಟಿ ಮನೆಗೆ ಹೋಗ್ತಿದೀರಲ್ಲ, ಅವಳಿಗೆ ಬೆಕ್ಕು ಒಗ್ಗಲ್ಲ ಅಂತ ಪರೀಕ್ಷೇಲಿ ಗೊತ್ತಾಗಿದೆ. ಹೋದ ಸಲದ ಧೂಳಲ್ಲಿ ಬೆಕ್ಕಿತ್ತು. ಅವಳಮ್ಮ ಮಾತ್ರ ಇಲ್ಲವೇ ಇಲ್ಲ ಅಂತಾರೆ. ಆ ಬೆಕ್ಕನ್ನ ಹುಡುಕಿ ಬನ್ನಿ. ಯಾರಿಗೂ ಗೊತ್ತಾಗಬಾರದು. ಗೊತ್ತಾದ್ರೆ ಬಚ್ಚಿಟ್ಟುಬಿಡ್ತಾರೆ.”

“ಸಿಗದೇ ಹೋದ್ರೆ?”

ಡಾಕ್ಟರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಸಿಗದೇ ಹೋದ್ರೆ ನೀವೂ ಅವರ ಜೊತೆ ಸೇರ್ಕೊಂಡಿದೀರಾ ಅಂದ್ಕೋತೀನಿ. ನಿಮ್ಮ ಕೆಲಸ ಮುಂದುವರಿಸೋದೋ ಬೇಡವೋ ಅಂತ ಇವತ್ತು ಸಂಜೆ ಸಭೇಲಿ ತೀರ್ಮಾನ ಆಗತ್ತೆ. ನೆನಪಿರಲಿ.”

ಧೂಳಪ್ಪ ಜನ್ಮದಲ್ಲಿ ಬೆಕ್ಕು ಹುಡುಕಿದವನಲ್ಲ. ದಾರಿಯುದ್ದಕ್ಕೂ ಯೋಚಿಸಿದ. ಕೊನೆಗೆ ಮಾರುಕಟ್ಟೆಯ ಮೂಲೆಯಲ್ಲಿ ಒಂದು ತುಂಡು ಒಣಮೀನು ಕೊಂಡು, ಕಾಗದದಲ್ಲಿ ಸುತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ. ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹಿಂದಿನ ಸೀಟಿಗೆ ಹೋದಾಗಲೂ ಅವನಿಗೆ ಕಾರಣ ಹೊಳೆಯಲಿಲ್ಲ.

ಪುಟ್ಟಿಯ ಮನೆ ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ತಾಯಿ ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆಗೆದದ್ದು ಅಜ್ಜಿ. ಪುಟ್ಟಿ ಶಾಲೆಗೆ ರಜೆ ಹಾಕಿ, ಮೂಗು ಕೆಂಪಗೆ ಮಾಡಿಕೊಂಡು ಸೋಫಾದ ಮೇಲೆ ಚಿತ್ರ ಬರೆಯುತ್ತಿದ್ದಳು.

“ಬಂದ್ರಾ ಧೂಳಿನೋರು?” ಅಂದರು ಅಜ್ಜಿ. “ಹೋದ ಸಲ ತಗೊಂಡ್ಹೋದ ಧೂಳು ಸಾಲಲಿಲ್ವಾ?”

“ಇನ್ನೊಂದು ಸಲ ಬೇಕಂತೆ ಅಮ್ಮಾ.” ಧೂಳಪ್ಪ ಹಲ್ಲು ಕಿರಿದ. ಆಮೇಲೆ ಏನೂ ಅರಿಯದವನಂತೆ ಗೋಡೆ ನೋಡುತ್ತಾ ಕೇಳಿದ: “ಮನೇಲಿ ದಿನಾ ಹಾಲು ಎಷ್ಟು ತಗೋತೀರಿ?”

“ಯಾಕೆ?”

“ಸುಮ್ನೆ. ರಾತ್ರಿ ಕಿಟಕಿ ತೆಗೆದಿಟ್ಟೇ ಮಲಗ್ತೀರಾ?”

ಅಜ್ಜಿಯ ಕನ್ನಡಕ ಮೂಗಿನ ತುದಿಗಿಳಿಯಿತು. “ಯಾಕೆ?”

“ಗಾಳಿಗೆ, ಗಾಳಿಗೆ. ಆಮೇಲೆ, ಮಧ್ಯಾಹ್ನ ಮನೇಲಿ ಯಾರೂ ಇಲ್ದೇ ಇರೋ ಹೊತ್ತು ಅಂತ ಇರತ್ತಾ? ಹಿಂದುಗಡೆ ಪೈಪು ಹತ್ಕೊಂಡು ಒಳಗೆ ಬರೋಕೆ ಆಗತ್ತಾ?”

ಅವನ ತಲೆಯಲ್ಲಿದ್ದದ್ದು ಬೆಕ್ಕು. ಅಜ್ಜಿಯ ತಲೆಗೆ ಬಂದದ್ದು ಬೇರೆ. ಆಕೆ ಕುತ್ತಿಗೆಯ ಸರವನ್ನು ಸೆರಗಿನೊಳಗೆ ಸೇರಿಸಿಕೊಂಡು, “ಒಂದ್ನಿಮಿಷ, ಒಲೆ ಮೇಲೆ ಏನೋ ಇಟ್ಟಿದೀನಿ” ಎಂದು ಎದ್ದರು. ಒಲೆಯ ಕಡೆಗೆ ಹೋಗಲಿಲ್ಲ. ನೇರ ಎದುರುಮನೆಗೆ ಹೋದರು.

ಧೂಳಪ್ಪನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಮಲಗುವ ಕೋಣೆಗೆ ನುಗ್ಗಿ, ಯಂತ್ರ ಒಂದು ಕಡೆಗಿಟ್ಟು, ಮಂಚದ ಕೆಳಗೆ ತೂರಿಕೊಂಡ. ಕತ್ತಲೆ. ಒಂದು ಚಪ್ಪಲಿ, ಮುರಿದ ಗೊಂಬೆ, ಹಳೇ ಸೂಟ್‌ಕೇಸು. ಮೀನಿನ ಪೊಟ್ಟಣ ಬಿಚ್ಚಿ ಮುಂದೆ ಹಿಡಿದ.

“ಮಿಯಾಂವ್” ಎಂದ, ಮೆತ್ತಗೆ.

“ಅಂಕಲ್, ಏನ್ಮಾಡ್ತಿದೀರಾ?” ಪುಟ್ಟಿ ಬಗ್ಗಿ ನೋಡುತ್ತಿದ್ದಳು.

“ಶ್, ಯಾರಿಗೂ ಹೇಳ್ಬೇಡ. ನಿಮ್ಮನೇಲಿ ಪೂಸಿ ಎಲ್ಲಿದೆ?”

“ನಮ್ಮನೇಲಿ ಪೂಸಿ ಇಲ್ಲ.”

“ನಂಗೊಬ್ಬನಿಗೇ ಹೇಳು ಪುಟ್ಟೀ, ನಿಂಗೆ ಚಾಕೊಲೇಟ್ ಕೊಡಿಸ್ತೀನಿ.”

ಅಷ್ಟರಲ್ಲಿ ಪುಟ್ಟಿಯ ಕಾಲುಗಳ ಪಕ್ಕ ಇನ್ನೂ ಕೆಲವು ಕಾಲುಗಳು ಬಂದು ನಿಂತವು. ಅಜ್ಜಿಯ ಕಾಲು. ಎದುರುಮನೆ ಆಂಟಿಯ ಕಾಲು. ಅವುಗಳ ನಡುವೆ, ಪಾಲಿಶ್ ಹಾಕಿ ಮಿರಮಿರ ಮಿಂಚುವ ಕಪ್ಪು ಬೂಟು ತೊಟ್ಟ ಒಂದು ಜೋಡಿ.

“ಈಚೆ ಬಾರಯ್ಯ” ಎಂದಿತು ಬೂಟಿನ ಮೇಲಿನ ಗಂಟಲು.

ಅವರು ಇನ್ಸ್‌ಪೆಕ್ಟರ್ ತಾತ. ಪೊಲೀಸ್ ಇಲಾಖೆ ಅವರನ್ನು ನಿವೃತ್ತಿ ಮಾಡಿ ಎಷ್ಟೋ ಕಾಲವಾಗಿದ್ದರೂ ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಈಗ ಕಟ್ಟಡದ ಸಂಘಕ್ಕೆ ಅಧ್ಯಕ್ಷರು. ನೀರಿನ ಟ್ಯಾಂಕು ತುಂಬಿ ಹರಿದರೂ ಅದಕ್ಕೊಬ್ಬ ಆರೋಪಿಯನ್ನು ಹುಡುಕುತ್ತಿದ್ದರು. ನಿಜವಾದ ಕೇಸೊಂದು ಮಂಚದ ಕೆಳಗೇ ಸಿಕ್ಕಿದ್ದರಿಂದ ಅವರ ಮುಖ ಮದುಮಗನ ಮುಖದಂತೆ ಅರಳಿತ್ತು.

ಕೆಳಗಡೆ ಸಂಘದ ಕೋಣೆಯಲ್ಲಿ ಧೂಳಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿದರು. ಮೇಲಿನ ಮನೆಗಳಿಂದ ಜನ ಒಬ್ಬೊಬ್ಬರೇ ಇಳಿದು ಬಂದು ಬಾಗಿಲು ತುಂಬಿದರು.

“ಕಿಟಕಿ ವಿಚಾರ್ಸಿದಾನೆ, ಪೈಪು ವಿಚಾರ್ಸಿದಾನೆ” ಎಂದರು ಅಜ್ಜಿ.

“ಮಗೂಗೆ ಚಾಕೊಲೇಟ್ ಆಸೆ ತೋರ್ಸಿದಾನೆ. ನಾನೇ ಕೇಳಿಸ್ಕೊಂಡೆ” ಎಂದರು ಎದುರುಮನೆ ಆಂಟಿ.

“ಜೇಬಲ್ಲಿರೋದೆಲ್ಲ ತೆಗಿ” ಎಂದರು ತಾತ.

ಕರವಸ್ತ್ರ ಬಂತು. ಬಸ್ಸಿನ ಟಿಕೆಟ್ಟು ಬಂತು. ಆಸ್ಪತ್ರೆಯ ಗುರುತಿನ ಚೀಟಿ ಬಂತು. ಆಮೇಲೆ ಮೀನು ಬಂತು. ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

ತಾತ ಅದನ್ನು ಪೆನ್ಸಿಲ್ಲಿನ ತುದಿಯಿಂದ ತಿರುವಿ ಹಾಕಿದರು. “ಮಕ್ಕಳ ಆಸ್ಪತ್ರೆಯೋನು. ಜೇಬಲ್ಲಿ ಒಣಮೀನು. ಯಾಕೆ?”

ಧೂಳಪ್ಪ ಡಾಕ್ಟರಮ್ಮನ ಮಾತು ನೆನೆಸಿಕೊಂಡು ತುಟಿ ಬಿಗಿಹಿಡಿದ. “ಮಧ್ಯಾಹ್ನದ ಊಟಕ್ಕೆ” ಎಂದ.

“ಬೇಯಿಸ್ದೇನೇ ತಿಂತೀಯಾ? ತಿನ್ನು ನೋಡೋಣ.”

ಧೂಳಪ್ಪ ಮೀನನ್ನು ನೋಡಿದ. ಮೀನೂ ಅವನನ್ನು ನೋಡಿದಂತಿತ್ತು. ಬಾಯಿಯವರೆಗೆ ಒಯ್ದವನು ಹಾಗೇ ಕೆಳಗಿಟ್ಟ. ಗುಟ್ಟಿಗಿಂತ ಹೊಟ್ಟೆ ದೊಡ್ಡದು ಅನ್ನಿಸಿ, ಎಲ್ಲವನ್ನೂ ಕಕ್ಕಿಬಿಟ್ಟ. ಮಾತನ್ನು, ಮೀನನ್ನಲ್ಲ.

“ಬೆಕ್ಕು ಹುಡುಕ್ತಿದ್ದೆ ಸಾರ್. ಈ ಕಟ್ಟಡದಲ್ಲಿ ಯಾರೋ ಕದ್ದುಮುಚ್ಚಿ ಬೆಕ್ಕು ಸಾಕಿದಾರೆ. ಪುಟ್ಟಿ ಹಾಸಿಗೆ ಧೂಳಲ್ಲಿ ಸಿಕ್ಕಿದೆ.”

ಈ ಕಟ್ಟಡದಲ್ಲಿ ನಾಯಿ ಬೆಕ್ಕು ಸಾಕುವ ಹಾಗಿರಲಿಲ್ಲ. ಆ ನಿಯಮ ಮಾಡಿದವರು ಇನ್ಸ್‌ಪೆಕ್ಟರ್ ತಾತನೇ. ಅವರ ಕಣ್ಣು ಧೂಳಪ್ಪನನ್ನು ಬಿಟ್ಟು ಬಾಗಿಲಲ್ಲಿದ್ದ ಒಂದೊಂದೇ ಮುಖದ ಮೇಲೆ ಹರಿದಾಡಿತು.

“ನಂಗಾಗ್ಲೇ ಅನುಮಾನ ಇತ್ತು” ಎಂದರು ಅಜ್ಜಿ, ಎದುರುಮನೆ ಆಂಟಿಯ ಕಡೆ ತಿರುಗಿ. “ನಿಮ್ಮ ಸೋಫಾ ಗೀರಿರೋದು ಯಾರು ಅಂತ.”

“ಅದು ನಮ್ಮೆಜಮಾನ್ರ ಬೀಗದ ಕೈ ಗೀರಿದ್ದು. ನಿಮ್ಮನೆ ಹಾಲು ದಿನಾ ಬೆಳಿಗ್ಗೆ ಕಡಿಮೆಯಾಗಿರತ್ತೆ ಅಂತ ಸೊಸೆ ಮೇಲೆ ಹಾಕ್ತಿದ್ರಲ್ಲ, ಈಗ ಗೊತ್ತಾಯ್ತು ಬಿಡಿ, ಯಾರು ಯಾರಿಗೆ ಕುಡಿಸ್ತಿದ್ರು ಅಂತ.”

ಇಷ್ಟು ಸಾಕಾಯಿತು. ಅಕ್ಕತಂಗಿಯರಂತಿದ್ದವರು ಹಾವು ಮುಂಗುಸಿಯಾದರು. ಮೂರನೇ ಮಹಡಿಯ ದರ್ಜಿ, ತನ್ನ ನೂಲಿನ ಉಂಡೆಗಳು ಮಾಯವಾಗುವುದಕ್ಕೆ ಕೆಳಗಿನ ಮನೆಯವರೇ ಕಾರಣ ಎಂದ. ಕೆಳಗಿನ ಮನೆಯವರು, ರಾತ್ರಿ ಮಗು ಅತ್ತಂತೆ ಕೇಳುವ ದನಿ ದರ್ಜಿಯ ಮನೆಯದೇ ಎಂದರು. “ಅದು ನಾನು ಹಾಡೋದು” ಎಂದ ದರ್ಜಿ, ಮುಖ ಕೆಂಪಗೆ ಮಾಡಿಕೊಂಡು. ತಾತ ಎಲ್ಲ ಮನೆಗಳನ್ನೂ ಶೋಧಿಸಬೇಕೆಂದು ಆಜ್ಞೆ ಮಾಡಿದರು. ಧೂಳಪ್ಪ ಮುಂದೆ ಮೀನು ಹಿಡಿದು “ಮಿಯಾಂವ್, ಮಿಯಾಂವ್” ಎನ್ನುತ್ತಾ ಮೆಟ್ಟಿಲು ಹತ್ತಿದ. ಹಿಂದೆ ತಾತ. ಅವರ ಹಿಂದೆ ಇಡೀ ಕಟ್ಟಡ.

ಕಪಾಟುಗಳು ತೆರೆದವು. ಅಟ್ಟದ ಸಾಮಾನುಗಳು ಕೆಳಗಿಳಿದವು. ಅಜ್ಜಿಯ ದಿಂಬಿನೊಳಗೆ ಬಿಸ್ಕತ್ತುಗಳು ಸಿಕ್ಕವು. ಆಂಟಿಯ ಯಜಮಾನರು ಬಿಟ್ಟೆನೆಂದು ಆಣೆ ಇಟ್ಟಿದ್ದ ಸಿಗರೇಟುಗಳು ಸಿಕ್ಕವು. ಸಿಗಬಾರದ್ದೆಲ್ಲ ಸಿಕ್ಕಿತು. ಬೆಕ್ಕೊಂದು ಸಿಗಲಿಲ್ಲ. ಮರ್ಯಾದೆ ಕಳೆದುಕೊಂಡವರೆಲ್ಲ ಒಟ್ಟಾಗಿ ಧೂಳಪ್ಪನ ಕಡೆ ತಿರುಗಿದರು.

“ಇವನೇ ಕಳ್ಳ. ಮನೆ ಮನೆ ನೋಡ್ಕೊಂಡು ಹೋಗೋಕೆ ಬೆಕ್ಕಿನ ಕತೆ ಕಟ್ಟಿದಾನೆ” ಎಂದರು ಆಂಟಿಯ ಯಜಮಾನರು, ಎಲ್ಲರಿಗಿಂತ ಜೋರಾಗಿ.

“ನಮ್ಮ ಡಾಕ್ಟರಮ್ಮಂಗೆ ಫೋನ್ ಮಾಡಿ ಸಾರ್, ದಮ್ಮಯ್ಯ” ಎಂದ ಧೂಳಪ್ಪ.

ಡಾಕ್ಟರಮ್ಮ ಬಂದರು. ಬಿಳಿ ಕೋಟಿನ ಮೇಲೆ ನೀಲಿ ಸ್ವೆಟರು ಎಳೆದುಕೊಂಡು, ಧೂಳಪ್ಪನನ್ನು ಬಿಡಿಸಲು ಬಂದವರಂತಲ್ಲ, ಇಡೀ ಕಟ್ಟಡವನ್ನು ಬಂಧಿಸಲು ಬಂದವರಂತೆ ಬಂದರು. ಸುದ್ದಿ ಕೇಳಿ ಕೆಲಸದಿಂದ ಓಡಿಬಂದ ಪುಟ್ಟಿಯ ತಾಯಿಯೂ ಅದೇ ಹೊತ್ತಿಗೆ ಸೇರಿಕೊಂಡರು.

“ಇವರು ನಮ್ಮವರೇ. ಕಳ್ಳರಲ್ಲ, ಅಷ್ಟು ಚುರುಕಿಲ್ಲ” ಎಂದರು ಡಾಕ್ಟರಮ್ಮ. “ಈಗ ನೀವು ಹೇಳಿ. ಬೆಕ್ಕನ್ನ ಎಲ್ಲಿ ಬಚ್ಚಿಟ್ಟಿದೀರಿ?”

“ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು ಡಾಕ್ಟ್ರೇ?” ಪುಟ್ಟಿಯ ತಾಯಿ ಅವರ ಎದುರಿಗೇ ಬಂದು ನಿಂತರು. “ಮಗು ರಾತ್ರಿಯೆಲ್ಲ ಉಸಿರಿಗೆ ಒದ್ದಾಡತ್ತೆ. ಬೆಕ್ಕಿದ್ದಿದ್ರೆ ನಾನೇ ಹೊತ್ಕೊಂಡು ಹೋಗಿ ಬಿಟ್ಟು ಬರ್ತಿರಲಿಲ್ವಾ? ನೀವು ಅದರ ಹಿಂದೆ ಬಿದ್ದು ಬೇರೆ ಏನನ್ನೂ ನೋಡ್ತಿಲ್ಲ.”

ಡಾಕ್ಟರಮ್ಮ ಪುಟ್ಟಿಯ ಹತ್ತಿರ ಬಗ್ಗಿದರು. “ಪುಟ್ಟೀ, ಜಾಣೆ ಅಲ್ವಾ, ನೀನೇ ಹೇಳು.”

ಪುಟ್ಟಿ ಹೇಳಲಿಲ್ಲ, ಸೀನಿದಳು. ಮತ್ತೆ ಸೀನಿದಳು. ಡಾಕ್ಟರಮ್ಮ ಸಮಾಧಾನಕ್ಕೆ ಹತ್ತಿರ ಎಳೆದುಕೊಂಡರು. ಪುಟ್ಟಿಯ ಕಣ್ಣು ಮೂಗೆಲ್ಲ ಸುರಿದು ಹೋಯಿತು. ತಾಯಿ ಮಗುವನ್ನು ಕಿಟಕಿಯ ಬಳಿಗೆ ಎತ್ತಿಕೊಂಡು ಹೋದರು. ಸೀನು ನಿಂತಿತು.

ಇನ್ಸ್‌ಪೆಕ್ಟರ್ ತಾತ ನಿಧಾನವಾಗಿ ಎದ್ದು ಬಂದು, ಡಾಕ್ಟರಮ್ಮನ ಸ್ವೆಟರಿನ ತೋಳಿನಿಂದ ಏನನ್ನೋ ಎರಡು ಬೆರಳಲ್ಲಿ ಹೆಕ್ಕಿ ಬೆಳಕಿಗೆ ಹಿಡಿದರು. ಉದ್ದನೆಯ, ಕಂದು ಬಣ್ಣದ ಕೂದಲು.

“ಡಾಕ್ಟ್ರೇ, ಈ ಧೂಳಿನ ಚೀಲಗಳು ಎಲ್ಲಿಂದ ಬರ್ತವೆ?”

“ನಾನೇ ಹೊಲಿದು ಕೊಡ್ತೀನಿ. ಅಂಗಡಿಯೋರನ್ನ, ಪ್ರಯೋಗಾಲಯದೋರನ್ನ ನಂಬೋಕಾಗಲ್ಲ. ಮನೇಲಿ ಕೂತು ಹೊಲೀತೀನಿ.”

“ಹೊಲಿಯೋವಾಗ ಜೊತೇಲಿ ಯಾರಿರ್ತಾರೆ?”

“ಯಾರೂ ಇಲ್ಲ. ನಾನು, ನಮ್ಮ ರಾಜ.”

“ರಾಜ ಎಲ್ಲಿ ಕೂತಿರ್ತಾನೆ?”

“ಚೀಲದ ಬುಟ್ಟೀಲಿ ಮಲಗಿರ್ತಾನೆ. ಮೆತ್ತಗಿರತ್ತಲ್ಲ” ಎಂದ ಡಾಕ್ಟರಮ್ಮ ಅಲ್ಲಿಗೇ ನಿಂತರು. ತಮ್ಮ ಸ್ವೆಟರಿನ ತೋಳನ್ನು ತಾವೇ ತಿರುಗಿಸಿ ನೋಡಿಕೊಂಡರು.

ಯಾರೂ ನಗಲಿಲ್ಲ. ನಗಲು ಎಲ್ಲರಿಗೂ ಆಸೆಯಿತ್ತು. ಆದರೆ ಪುಟ್ಟಿಯ ತಾಯಿಯ ಮುಖ ನೋಡಿ ನುಂಗಿಕೊಂಡರು. ಡಾಕ್ಟರಮ್ಮ ಆಕೆಯ ಮುಂದೆ ತಲೆ ತಗ್ಗಿಸಿ, “ತಪ್ಪಾಯ್ತಮ್ಮ. ಎಲ್ಲ ಮೊದಲಿಂದ ನೋಡ್ತೀನಿ” ಎಂದಷ್ಟೇ ಹೇಳಿ ಹೊರಬಿದ್ದರು.

ಧೂಳಪ್ಪನನ್ನೂ ತಮ್ಮ ಕಾರಿಗೆ ಹತ್ತಿಸಿಕೊಂಡರು. ಆಸ್ಪತ್ರೆಗೆ ಹೋಗುವ ಬದಲು ತಮ್ಮ ಮನೆಯ ಮುಂದೆ ನಿಲ್ಲಿಸಿ, ಒಳಗೆ ಹೋಗಿ, ಒಂದು ಮುಚ್ಚಳದ ಬುಟ್ಟಿ ಹಿಡಿದು ಬಂದರು. ಒಳಗೆ ದೊಡ್ಡದೊಂದು ಕಂದು ಬೆಕ್ಕು, ಜಗತ್ತಿನ ಮೇಲೆಲ್ಲ ಅನುಮಾನವಿರುವಂತೆ ಕಣ್ಣು ಕಿರಿದು ಮಾಡಿಕೊಂಡು ಕೂತಿತ್ತು.

“ಇವನಿರೋ ಮನೇಲಿದ್ಕೊಂಡು ನಾನು ಈ ಅಧ್ಯಯನ ಮಾಡೋ ಹಾಗಿಲ್ಲ” ಎಂದರು, ಕಣ್ಣೊರೆಸಿಕೊಳ್ಳುತ್ತಾ. “ಯಾರ ಕೈಗೆ ಕೊಡೋಕೂ ಮನಸ್ಸು ಬರ್ತಿಲ್ಲ. ನಿಮ್ಮೊಬ್ಬರನ್ನ ನಂಬ್ತೀನಿ. ಇಟ್ಕೋತೀರಾ?”

ನಿಮ್ಮೊಬ್ಬರನ್ನ ನಂಬ್ತೀನಿ. ಆ ಬಾಯಿಂದ ಆ ಮಾತು ಕೇಳಿದವರು ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಧೂಳಪ್ಪನ ಎದೆ ಉಬ್ಬಿತು. ಬುಟ್ಟಿಯನ್ನು ಪದಕದಂತೆ ಹಿಡಿದುಕೊಂಡು ಮನೆಗೆ ಹೋದ. ಹೆಂಡತಿ ಬುಟ್ಟಿಯನ್ನೂ ಅವನ ಮುಖವನ್ನೂ ನೋಡಿ, “ಇದೇನ್ರೀ ಹೊಸ ಅವತಾರ?” ಎಂದಳು.

“ಕೆಲಸ ಗಟ್ಟಿಯಾಯ್ತು ಅಂತ ತಿಳ್ಕೊ” ಎಂದ. ರಾಜ ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಅವನ ಮಡಚಿಟ್ಟ ಬಟ್ಟೆಗಳ ಮೇಲೆ ಮಲಗಿದ.

ಮುಸ್ಸಂಜೆಗೆ ಫೋನ್ ಬಂತು. ಡಾಕ್ಟರಮ್ಮ.

“ಸಭೆ ಮುಗೀತು. ಇಷ್ಟೆಲ್ಲ ಆದ್ಮೇಲೆ ಕಟ್ಟುನಿಟ್ಟಾಗಿರ್ಬೇಕು ಅಂತ ನಾನೇ ಒಂದು ನಿಯಮ ಮಾಡಿಸಿದೆ. ಮನೇಲಿ ಬೆಕ್ಕಿರೋರು ಯಾರೂ ಈ ಕೆಲಸಕ್ಕೆ ಬರೋ ಹಾಗಿಲ್ಲ.”

“ಒಳ್ಳೇದಾಯ್ತು ಮೇಡಂ.”

“ಅದಕ್ಕೇ ಕೇಳ್ತಿದೀನಿ” ಎಂದರು ಡಾಕ್ಟರಮ್ಮ. ಅವರ ದನಿಗೆ ಹಳೆಯ ಅನುಮಾನ ಮರಳಿ ಬಂದಿತ್ತು. “ನಿಜ ಹೇಳಿ. ನಿಮ್ಮನೇಲಿ ಬೆಕ್ಕಿದೆಯಾ?”