ಮುತ್ತತ್ತಿಗೆ ಹೊರಟ ಇ-ಮೇಲ್

ಅನುಮಾನ ಪಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವರು ನಮ್ಮ ಕಡೆ ಮೂರೇ ಬಗೆಯ ಜನ: ಪೊಲೀಸರು, ಬಸ್ಸಿನಲ್ಲಿ ಟಿಕೆಟ್ ತಪಾಸಣೆಗೆ ಹತ್ತುವವರು ಮತ್ತು ನಾನು. ಸಂಬಳವಿಲ್ಲದೆ ಅನುಮಾನ ಪಡುವವರನ್ನೂ ಸೇರಿಸಿಕೊಂಡರೆ ನಮ್ಮ ಬೀದಿಯಲ್ಲೇ ಬೇಕಾದಷ್ಟು ಮಂದಿ ಸಿಗುತ್ತಾರೆ ಎನ್ನುವುದು ನಮ್ಮ ಮನೆಯವರ ಅಭಿಪ್ರಾಯ. ಪೊಲೀಸರಿಗೆ ಲಾಠಿ ಇದೆ, ತಪಾಸಣೆಯವರಿಗೆ ದಂಡದ ರಸೀದಿ ಇದೆ. ನನಗಿರುವುದು ಒಂದು ಲ್ಯಾಪ್‌ಟಾಪ್ ಮತ್ತು ಹಠ. ಲ್ಯಾಪ್‌ಟಾಪ್ ಕಂಪನಿಯದು, ಹಠ ತವರಿನದು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮ ಪಶು ಆಹಾರದ ಕಾರ್ಖಾನೆ ಇದೆ. ಮಂಡ್ಯದಲ್ಲೊಂದು, ಮಳವಳ್ಳಿಯಲ್ಲೊಂದು ಮಾರಾಟದ ಕಚೇರಿ. ನಾನು ಇಲ್ಲಿಗೆ ಬಿಲ್ ಬರೆಯಲು ಸೇರಿದವಳು. ಕಂಪ್ಯೂಟರ್ ನಿಂತುಹೋದಾಗಲೆಲ್ಲ ಹಿಂದಿನ ವೈರು ಕಿತ್ತು ಮತ್ತೆ ಸಿಕ್ಕಿಸುವ ಧೈರ್ಯ ಇಡೀ ಕಚೇರಿಯಲ್ಲಿ ನನಗೊಬ್ಬಳಿಗೇ ಇದ್ದುದರಿಂದ, ವರ್ಷ ಕಳೆದಂತೆ ಪ್ರಾಜೆಕ್ಟ್ ಮ್ಯಾನೇಜರ್ ಆದೆ. ಬಿಲ್ಲು, ಗೋದಾಮು, ಲಾರಿ ಎಲ್ಲವನ್ನೂ ಒಂದೇ ಕಡೆ ತೋರಿಸುವ ಹೊಸ ಸಾಫ್ಟ್‌ವೇರನ್ನು ಮೈಸೂರಿನವರೊಬ್ಬರಿಂದ ಮಾಡಿಸುವುದು ನನ್ನ ಪಾಲಿಗೆ ಬಂತು. ಆಮೇಲೆ ಅದರ ಬಾಲಕ್ಕೆ ಮಾಹಿತಿ ಸುರಕ್ಷತೆ ಎಂಬುದನ್ನೂ ಕಟ್ಟಿದರು. ಕಿರುಗಾವಲಿನಲ್ಲಿರುವ ನಮ್ಮವ್ವನಿಗೆ ಸೆಕ್ಯೂರಿಟಿ ಎಂದರೆ ಗೇಟಿನ ಪಕ್ಕ ಕೋಲು ಹಿಡಿದು ಕೂರುವವರು. ವಿಷಯ ತಿಳಿಸಿದಾಗ, "ಆಗ್ಲಿ ಬುಡು, ರಾತ್ರಿ ಪಾಳಿ ಮಾತ್ರ ಒಪ್ಕಬ್ಯಾಡ ಕಣವ್ವ" ಎಂದಳು.

ನಾನು ಅಧಿಕಾರ ವಹಿಸಿಕೊಂಡಾಗ ನಮ್ಮಲ್ಲಿ ಪಾಸ್‌ವರ್ಡ್ ಎಂಬುದು ಒಲೆಯ ಬೆಂಕಿಯಂತೆ ಎಲ್ಲರಿಗೂ ಸೇರಿದ್ದಾಗಿತ್ತು. ಬಿಲ್ಲಿನ ಕಂಪ್ಯೂಟರುಗಳಿಗೆಲ್ಲ ಮಾಲೀಕರ ಮೊಮ್ಮಗಳ ಹೆಸರೇ ಪಾಸ್‌ವರ್ಡು. ಮರೆತವರು ಇನ್ನೊಬ್ಬರನ್ನು ಕೂಗಿ ಕೇಳುತ್ತಿದ್ದರು, ಅವರು ಕೂಗಿ ಹೇಳುತ್ತಿದ್ದರು. ಹಿಂಡಿ ಕೊಳ್ಳಲು ಬಂದ ರೈತರಿಗೂ ಅದು ಬಾಯಿಪಾಠವಾಗಿತ್ತು. ಇಷ್ಟರಲ್ಲಿ ನಮ್ಮಿಂದ ಸರಕು ಕೊಳ್ಳುವ ದೊಡ್ಡ ಕಂಪನಿಯೊಂದು, ನಿಮ್ಮ ಹೊಸ ಸಾಫ್ಟ್‌ವೇರಿಗೂ ನಮ್ಮ ಕಂಪ್ಯೂಟರಿಗೂ ಸಂಪರ್ಕ ಕೊಡಬೇಕಾದರೆ ನಿಮ್ಮ ಸಿಬ್ಬಂದಿಗೆ ಸುರಕ್ಷತೆಯ ತರಬೇತಿ ಮತ್ತು ಪರೀಕ್ಷೆ ಆಗಿರಬೇಕು ಎಂದು ಷರತ್ತು ಹಾಕಿತು. ಆ ಸಂಪರ್ಕ ಸಿಗದಿದ್ದರೆ ಆರ್ಡರ್ ಬೇರೆಯವರ ಪಾಲು. ಮಾಲೀಕರು ನನ್ನನ್ನು ಕರೆದು, "ಏನು ಬೇಕಾದ್ರೂ ಪರೀಕ್ಷೆ ಮಾಡಮ್ಮ, ನನ್ನನ್ನ ಏನೂ ಕೇಳ್ಬೇಡ" ಎಂದರು. ನನ್ನಂಥವಳಿಗೆ ಅಷ್ಟು ಹೇಳಬಾರದಿತ್ತು.

ಮೊದಲು ತರಬೇತಿ ಏರ್ಪಡಿಸಿದೆ. ಬಂದವರು ಟೀ ಕುಡಿದು ಹೋದರು. ಮತ್ತೆ ಏರ್ಪಡಿಸಿದೆ, ಈ ಸಲ ಟೀಯನ್ನು ಕೊನೆಯಲ್ಲಿ ಕೊಡುವುದೆಂದು ತೀರ್ಮಾನಿಸಿದ್ದರಿಂದ ಯಾರೂ ಬರಲಿಲ್ಲ. ಸರಿ, ಪಾಠ ಬೇಡವಾದರೆ ಪರೀಕ್ಷೆಯೇ ಮೊದಲಾಗಲಿ ಎಂದು ಒಂದು ಸುಳ್ಳು ಇ-ಮೇಲ್ ತಯಾರಿಸಿದೆ. ಕಳ್ಳರು ಕಳಿಸುವಂಥದೇ: ನಿಮ್ಮ ಖಾತೆ ಸ್ಥಗಿತಗೊಂಡಿದೆ, ಕೂಡಲೇ ಇಲ್ಲಿ ಒತ್ತಿ, ಪಾಸ್‌ವರ್ಡ್ ಹಾಕಿ ಎಂದು ಇಂಗ್ಲಿಷಿನಲ್ಲಿ ಬರೆದು ಎಲ್ಲರಿಗೂ ಕಳಿಸಿದೆ. ಒಬ್ಬರೂ ಒತ್ತಲಿಲ್ಲ. "ನೋಡಿದ್ಯಾ, ನಮ್ಮ ಹುಡುಗ್ರು ಎಷ್ಟು ಹುಷಾರು" ಎಂದು ಮಾಲೀಕರು ಹಿಗ್ಗಿದರು. ಅದು ಹುಷಾರಲ್ಲ, ಯಾರೂ ಅದನ್ನು ಓದಿಯೇ ಇಲ್ಲ ಎಂಬುದು ನನಗೆ ಗೊತ್ತಿತ್ತು. ಕಳ್ಳ ಒಂದಲ್ಲ ಒಂದು ದಿನ ಕನ್ನಡ ಕಲಿತು ಬಂದೇ ಬರುತ್ತಾನೆ. ಅಂದಿನ ಗತಿಯೇನು?

ಹೀಗೆ ಯೋಚಿಸುತ್ತ ಒಂದು ಶುಕ್ರವಾರ ಎರಡನೆಯ ಇ-ಮೇಲ್ ಬರೆದೆ. ನಮ್ಮಲ್ಲಿ ಇಲ್ಲವೇ ಇಲ್ಲದ 'ಸಿಬ್ಬಂದಿ ಕ್ಷೇಮಾಭಿವೃದ್ಧಿ ವಿಭಾಗ'ದ ಹೆಸರಿನಲ್ಲಿ, ಕಂಪನಿಯ ವಿಳಾಸಕ್ಕೆ ಒಂದಕ್ಷರ ಹೆಚ್ಚಿಗೆ ಸೇರಿಸಿದ ವಿಳಾಸದಿಂದ, ಅಚ್ಚ ಕನ್ನಡದಲ್ಲಿ: "ಈ ಭಾನುವಾರ ಮುತ್ತತ್ತಿಗೆ ಉಚಿತ ಪ್ರವಾಸ. ಕುಟುಂಬ ಸಮೇತ ಬರಬಹುದು. ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಮುಂದಿನಿಂದ ಬಸ್ಸು, ಮಳವಳ್ಳಿಯಲ್ಲೂ ನಿಲ್ಲುತ್ತದೆ. ಮಧ್ಯಾಹ್ನ ಹೊಳೆ ದಂಡೆಯಲ್ಲಿ ಊಟ. ಹೆಸರು ಮತ್ತು ನಿಮ್ಮ ಇ-ಮೇಲ್ ಪಾಸ್‌ವರ್ಡ್ ಹಾಕಿ ನೋಂದಾಯಿಸಿಕೊಳ್ಳಿ." ಬರೆದು ಓದಿಕೊಂಡಾಗ ನನಗೇ ಹೋಗಬೇಕೆನಿಸಿತು.

ಪಾಸ್‌ವರ್ಡ್ ಹಾಕಿದ ಕೂಡಲೇ 'ನೀವು ಮೋಸ ಹೋಗಿದ್ದೀರಿ' ಎಂದು ತೋರಿಸುವುದು ರೂಢಿಯಂತೆ. ಆದರೆ ಮೊದಲು ಮೋಸ ಹೋದವರು ಉಳಿದವರಿಗೆಲ್ಲ ಕೂಗಿ ಹೇಳಿಬಿಟ್ಟರೆ ನನ್ನ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ 'ನಿಮ್ಮ ಹೆಸರು ನೋಂದಣಿಯಾಗಿದೆ, ಧನ್ಯವಾದ' ಎಂದಷ್ಟೇ ತೋರಿಸಿ, ಸೋಮವಾರದ ಸಭೆಯಲ್ಲಿ ಸತ್ಯ ಬಯಲು ಮಾಡುವುದೆಂದು ಯೋಜಿಸಿದೆ. ಶುಕ್ರವಾರ ಸಂಜೆಯೊಳಗೆ ಹೆಸರುಗಳು ಸಾಲುಗಟ್ಟಿ ಬಂದವು. ಮೊದಲನೆಯದು ಮಳವಳ್ಳಿ ಕಚೇರಿಯಲ್ಲಿ ಬಿಲ್ ಮಾಡುವ ರೂಪಾಳದು. ಯಾರು ಏನು ಪಾಸ್‌ವರ್ಡ್ ಹಾಕಿದರು ಎಂಬುದನ್ನು ನಾನು ಉಳಿಸಿಕೊಳ್ಳಲಿಲ್ಲ. ಹಾಕಿದರೋ ಇಲ್ಲವೋ ಎಂಬುದಷ್ಟೇ ನನಗೆ ಬೇಕಿತ್ತು. ಹೆಚ್ಚೂ ಕಡಿಮೆ ಎಲ್ಲರೂ ಹಾಕಿದ್ದರು. ಶನಿವಾರ ಮೈಸೂರಿಗೆ ಹೋಗಿ ಸಾಫ್ಟ್‌ವೇರಿನವರ ಜೊತೆ ಜಗಳವಾಡುವಾಗಲೂ ನನ್ನ ಮುಖದಲ್ಲಿ ಒಂದು ನಗುವಿತ್ತಂತೆ. ಅವರು ಅದನ್ನು ಕಂಡು ಹೆದರಿ, ಬಹಳ ದಿನದಿಂದ ಕೇಳುತ್ತಿದ್ದ ವರದಿಯನ್ನು ಅಂದೇ ಸರಿ ಮಾಡಿಕೊಟ್ಟರು.

ಸೋಮವಾರಕ್ಕಿಂತ ಮೊದಲು ಭಾನುವಾರ ಬರುತ್ತದೆ ಎಂಬುದು ಮಾತ್ರ, ಬೇರೆಯವರ ಕೆಲಸಕ್ಕೆ ದಿನ ಗೊತ್ತು ಮಾಡುವ ಪ್ರಾಜೆಕ್ಟ್ ಮ್ಯಾನೇಜರಾದ ನನಗೆ ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಗೋದಾಮಿನ ಮೇಲ್ವಿಚಾರಕ ಚಿಕ್ಕಲಿಂಗಯ್ಯನ ಫೋನು ಬಂತು. "ಮೇಡಂ, ಬಸ್ಸು ಯಾವ್ ಕಡೆಯಿಂದ ಬತ್ತದೆ? ಬಿಸ್ಲೇರೋದ್ರೊಳ್ಗೆ ಎಂಗಸ್ರುನ್ನ ನೆಳ್ಳಲ್ಲಿ ಕೂರ್ಸುಮ ಅಂತ." ಕ್ಷೇಮಾಭಿವೃದ್ಧಿ ವಿಭಾಗದ ನಂಬರು ಯಾರ ಹತ್ತಿರವೂ ಇರಲಿಲ್ಲ, ಕಂಪ್ಯೂಟರಿನಲ್ಲಿ ಏನೇ ಬಂದರೂ ಅದಕ್ಕೆ ನಾನೇ ಜವಾಬ್ದಾರಿ ಎಂದು ನನಗೆ ಫೋನ್ ಮಾಡಿದ್ದ. ನನ್ನ ದೋಸೆ ಕಾವಲಿಯ ಮೇಲೇ ಸೀದುಹೋಯಿತು.

ಕಾರ್ಖಾನೆಯ ಮುಂದೆ ಹೋಗಿ ನೋಡುತ್ತೇನೆ, ಲಾರಿ ತೂಕ ಹಾಕುವ ಜಾಗದ ತುಂಬ ಜನ. ಇಸ್ತ್ರಿ ಮಾಡಿದ ಅಂಗಿ, ಹೂ ಮುಡಿದ ಹೆಂಗಸರು, ಪುಳಿಯೋಗರೆಯ ಡಬ್ಬಿಗಳು, ಮಕ್ಕಳ ಕೊರಳಲ್ಲಿ ನೀರಿನ ಬಾಟಲಿ. ಊಟ ಕಂಪನಿಯದೇ ಎಂದಿದ್ದರೂ ಯಾರೂ ಬರಿಗೈಯಲ್ಲಿ ಬಂದಿರಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಕಂಪನಿಯ ಮೇಲೆ ಅನುಮಾನ ಪಟ್ಟಿದ್ದರು. ಚಿಕ್ಕಲಿಂಗಯ್ಯನ ತಾಯಿ ತಾಯಮ್ಮ ಒಂದು ವರ್ಷದ ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಚೀಲದ ಮೇಲೆ ಕುಳಿತಿದ್ದರು. ಅಷ್ಟರಲ್ಲಿ ಮಳವಳ್ಳಿಯಿಂದ ರೂಪಾ ಫೋನ್ ಮಾಡಿ, "ನಾವೆಲ್ಲ ಬಸ್‌ಸ್ಟ್ಯಾಂಡಲ್ಲಿದ್ದೀವಿ ಮೇಡಂ, ನಮ್ಗೆ ಸೀಟು ಹಿಡಿದಿರಿ" ಎಂದಳು.

ಓಡಿಹೋಗಿ ಎಲ್ಲಾದರೂ ಅಡಗಿಕೊಳ್ಳುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಈ ತೊಡಕು ಕಟ್ಟಿದವಳು ನಾನು, ಬಿಚ್ಚಬೇಕಾದವಳೂ ನಾನೇ. ತೂಕದ ಕಟ್ಟೆಯ ಮೇಲೆ ಹತ್ತಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಪ್ರವಾಸ ಇಲ್ಲ, ಬಸ್ಸಿಲ್ಲ, ಆ ಇ-ಮೇಲ್ ಕಳಿಸಿದ್ದು ನಾನು, ನೀವು ಕಳ್ಳರ ಬಲೆಗೆ ಬೀಳುತ್ತೀರೋ ಇಲ್ಲವೋ ಎಂದು ನೋಡಲು. ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಒಂದು ಮಗು ತನ್ನ ಅಮ್ಮನನ್ನು ಏನೋ ಕೇಳಿತು, ಅಮ್ಮ ಅದರ ಬಾಯಿ ಮುಚ್ಚಿದಳು.

"ಅಂದ್ರೆ ನಮ್ಮುನ್ನ ನಂಬ್ನಿಲ್ಲ ನೀವು" ಎಂದ ಚಿಕ್ಕಲಿಂಗಯ್ಯ.

"ಹಾಗಲ್ಲ ಚಿಕ್ಕಲಿಂಗಯ್ಯ, ಕಳ್ಳರು ಹೀಗೇ ಬರ್ತಾರೆ ಅಂತ..."

"ಕಳ್ರು ಬರ್ನಿಲ್ವಲ್ಲ ಮೇಡಂ. ನೀವೇ ಬಂದ್ರಿ."

ತಾಯಮ್ಮ ಇಷ್ಟು ಹೊತ್ತೂ ನನ್ನ ಬಾಯನ್ನೇ ನೋಡುತ್ತಿದ್ದವರು ಮೆಲ್ಲಗೆ ಹೇಳಿದರು: "ಪರೀಕ್ಸೆಗಿರೀಕ್ಸೆ ನಂಗ್ ತಿಳೀದು ಕಣವ್ವ. ಈ ಕೂಸಿನ ಮುಡಿ ಮುತ್ತತ್ತಿರಾಯ್ನಿಗೆ ಕೊಡ್ತೀನಿ ಅಂತ ಅರ್ಕೆ ಮಾಡ್ಕಂಡಿದ್ದೆ. ಬಸ್ಸು ಬತ್ತದೆ ಅಂತ ಬೀಗ್ರುಗೆಲ್ಲ ಯೋಳಿ ಕಳಿಸ್ಬುಟ್ಟಿವ್ನಿ. ಅವ್ರು ಅಲ್ಲಿ ಬಂದು ಕಾಯ್ತರೆ. ಈಗೆಂಗ್ ಮಾಡಾದು?"

ಅದೇ ಹೊತ್ತಿಗೆ ಮಾಲೀಕರ ಕಾರು ಬಂದು ನಿಂತಿತು. ಹಿಂದೆ ಅವರ ಹೆಂಡತಿ, ತೊಡೆಯ ಮೇಲೆ ದೊಡ್ಡ ಕ್ಯಾರಿಯರ್. "ಒಳ್ಳೆ ಕೆಲಸ ಮಾಡಿದ್ದೀರಲ್ಲ, ಯಾರದಮ್ಮ ಈ ಐಡಿಯಾ?" ಎಂದರು. ಅವರನ್ನು ಪಕ್ಕಕ್ಕೆ ಕರೆದೊಯ್ದು ಎಲ್ಲವನ್ನೂ ಹೇಳಿದೆ. ಅವರ ಮುಖ ಸಣ್ಣಗಾಯಿತು.

"ನಾನೂ ಪಾಸ್‌ವರ್ಡ್ ಹಾಕ್ದೆನಲ್ಲ."

"ಅದೇನು ಅಂತ ನಾನು ನೋಡಿಲ್ಲ ಸರ್."

"ನೀನು ನೋಡಿಲ್ಲ ಸರಿ. ಕಳಿಸಿದೋನು ಕಳ್ಳನೇ ಆಗಿದ್ರೆ? ನಂದು ಬ್ಯಾಂಕಿಗೂ ಅದೇ ಕಣಮ್ಮ." ಅಲ್ಲೇ ಕಾರಿನ ಬಾನೆಟ್ಟಿಗೆ ಒರಗಿ, ಕನ್ನಡಕ ಹಣೆಗೇರಿಸಿ, ಫೋನಿನಲ್ಲೇ ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸಿದರು. ಮುಗಿಸಿ ತಾಯಮ್ಮನ ಕಡೆ ಒಮ್ಮೆ ನೋಡಿ, "ಬಸ್ಸು ಮಾಡ್ಸು. ಎಲ್ಲಿಂದಾದ್ರೂ ಮಾಡ್ಸು. ಬಂದವ್ರು ಹಿಂದಕ್ಕೆ ಹೋಗ್ಬಾರ್ದು" ಎಂದರು.

ಮೈಸೂರಿನವರಿಂದ ಸಾಫ್ಟ್‌ವೇರ್ ಹೊರಡಿಸಿದವಳಿಗೆ ಮದ್ದೂರಿನಲ್ಲಿ ಒಂದು ಬಸ್ಸು ಹೊರಡಿಸುವುದು ಎಷ್ಟರದು ಎಂದು ಸೀರೆ ಸೆರಗು ಸಿಕ್ಕಿಸಿ ಫೋನ್ ಹಿಡಿದೆ. ಒಬ್ಬನ ಬಸ್ಸು ಧರ್ಮಸ್ಥಳಕ್ಕೆ ಹೋಗಿತ್ತು, ಇನ್ನೊಬ್ಬನ ಡ್ರೈವರ್ ಊರಿಗೆ ಹೋಗಿದ್ದ, ಮತ್ತೊಬ್ಬ ನನ್ನ ಗಾಬರಿ ಕೇಳಿ, "ಯಾರಮ್ಮ ನೀವು, ಮೋಸದ ಕಾಲ್ ಇರಂಗದೆ" ಎಂದು ಇಟ್ಟುಬಿಟ್ಟ. ಕೊನೆಗೆ ನಮ್ಮ ಮನೆಯವರು ಮದುವೆ ದಿಬ್ಬಣ ಇಳಿಸಿ ಖಾಲಿ ನಿಂತಿದ್ದ ಬಸ್ಸೊಂದನ್ನು ಪತ್ತೆ ಮಾಡಿ ತಾವೇ ಅದರಲ್ಲಿ ಕೂತು ತಂದರು. ಮುಂದಿನ ಗಾಜಿಗೆ ಇನ್ನೂ ವಧೂವರರ ಹೆಸರು ಅಂಟಿಸಿತ್ತು. "ಈ ಬಸ್ಸಾದ್ರೂ ನಿಜ್ವಾ ಮೇಡಂ" ಎಂದು ಯಾರೋ ಕೇಳಿದರು, ಜನ ನಕ್ಕರು. ಆ ನಗು ಕೇಳಿದ ಮೇಲೆ ನನಗೆ ಸರಿಯಾಗಿ ಉಸಿರು ಬಂತು.

ಮಳವಳ್ಳಿಯಲ್ಲಿ ರೂಪಾಳ ಗುಂಪು ಹತ್ತಿಕೊಂಡಿತು. ನಡೆದದ್ದನ್ನು ಕೇಳಿ ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು. ಬಲೆಗೆ ಮೊದಲು ಬಿದ್ದವಳು ತಾನೇ ಎಂದು ನನ್ನ ಬಾಯಿಂದ ಕೇಳಿದ್ದು ಅವಳಿಗೆ ಬಹಳ ನಾಟಿತ್ತು. ಹಲಗೂರು ದಾಟಿ ಕಾಡಿನ ದಾರಿ ಹಿಡಿದಾಗ ನಾನು ಎದ್ದು ನಿಂತೆ. ಓಡುತ್ತಿರುವ ಬಸ್ಸಿನಿಂದ ತರಬೇತಿ ಬಿಟ್ಟು ಯಾರೂ ಎದ್ದು ಹೋಗುವಂತಿರಲಿಲ್ಲ. ವಿಳಾಸದಲ್ಲಿ ಒಂದಕ್ಷರ ಹೇಗೆ ಹೆಚ್ಚಿತ್ತು, ಪ್ರವಾಸಕ್ಕೂ ಪಾಸ್‌ವರ್ಡಿಗೂ ಏನು ಸಂಬಂಧ, ಅಂಥದ್ದು ಬಂದರೆ ಯಾರನ್ನು ಕೇಳಬೇಕು, ಎಲ್ಲ ಹೇಳಿದೆ. ಕಚೇರಿಯ ಸಭೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳದವರು ಸೀಟಿನ ಮೇಲಿಂದ ತಲೆ ಎತ್ತಿ ಎತ್ತಿ ಕೇಳಿದರು. ಸಿಬ್ಬಂದಿಗಿಂತ ಅವರ ಹೆಂಡತಿಯರು ಚುರುಕಾಗಿದ್ದರು. ಗಂಡನ ಫೋನಿನ ಪಾಸ್‌ವರ್ಡ್ ಹೆಂಡತಿಗೆ ಗೊತ್ತಿರಬೇಕೋ ಬೇಡವೋ ಎಂಬ ಪ್ರಶ್ನೆಗೆ ಮಾತ್ರ, ಹಿಂದಿನ ಸೀಟಿನಲ್ಲಿ ನಮ್ಮ ಮನೆಯವರು ಕುಳಿತಿದ್ದರಿಂದ, ಉತ್ತರ ಹೇಳಲಿಲ್ಲ.

ಮುತ್ತತ್ತಿಯಲ್ಲಿ ಕೂಸಿನ ಮುಡಿ ತೆಗೆಸಿದ್ದಾಯಿತು. ಕೂಸು ಕಾವೇರಿಗೆಲ್ಲ ಕೇಳುವಂತೆ ಅತ್ತಿತು. ತಾಯಮ್ಮ ಬೀಗರನ್ನೆಲ್ಲ ಕರೆತಂದು, "ಇವ್ರೇ ನೋಡಿ, ಬಸ್ಸು ಮಾಡ್ಸಿದ್ ಮೇಡಮ್ಮೋರು" ಎಂದು ತೋರಿಸಿದರು. ಡಬ್ಬಿಗಳೆಲ್ಲ ಬಿಚ್ಚಿದಾಗ ಊಟಕ್ಕೆ ಕೊರತೆಯಾಗಲಿಲ್ಲ. ಇಲ್ಲಿ ಸುಳಿ ಇದೆ, ಮೊಸಳೆ ಇದೆ, ನೀರಿಗಿಳಿಯಬೇಡಿ ಎಂಬ ಹಲಗೆಯ ಕೆಳಗೇ ನಮ್ಮ ಗೋದಾಮಿನ ಹುಡುಗರು ಅಂಗಿ ಬಿಚ್ಚಿಡುತ್ತಿದ್ದರು. ಎಚ್ಚರಿಕೆ ಬರೆದು ಹಾಕಿದ ಮಾತ್ರಕ್ಕೆ ಜನ ಎಚ್ಚರವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿರಲಿಲ್ಲ. ಒಂದು ಕೋಲು ಹಿಡಿದು ಸಂಜೆಯವರೆಗೂ ದಂಡೆ ಕಾದೆ.

ಇಲ್ಲಿಗೆ ಮುಗಿಸಿದ್ದರೆ ನಾನು ಗೆದ್ದಂತೆಯೇ. ಆದರೆ ಹೊಸ ಸಾಫ್ಟ್‌ವೇರ್ ಶುರುವಾಗಬೇಕಿತ್ತು; ಅದಕ್ಕೆ ಪ್ರತಿಯೊಬ್ಬರೂ ತಮ್ಮದೇ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬೇಕಿತ್ತು. ಸೋಮವಾರ ನಿಜವಾದ ಇ-ಮೇಲ್ ಕಳಿಸಿದೆ. ನನ್ನದೇ ಹೆಸರು, ಸರಿಯಾದ ವಿಳಾಸ. ಒಬ್ಬರೂ ಒತ್ತಲಿಲ್ಲ. ಮಂಗಳವಾರ ಮತ್ತೆ ಕಳಿಸಿದೆ, ಇದು ಪರೀಕ್ಷೆಯಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಅದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಚಿಕ್ಕಲಿಂಗಯ್ಯ ಫೋನ್ ಮಾಡಿ, "ಈ ಸಲ ನಾವು ಬೀಳಕಿಲ್ಲ ಬುಡಿ ಮೇಡಂ" ಎಂದು ಬಹಳ ಪ್ರೀತಿಯಿಂದ ಹೇಳಿದ. ಮಾಲೀಕರಂತೂ ನನ್ನ ಇ-ಮೇಲ್ ಬಂದ ಕೂಡಲೇ ಅಳಿಸಿಬಿಟ್ಟಿದ್ದರು.

ಬಿಡುವವಳಲ್ಲ ನಾನು. ಮೇಜಿನಿಂದ ಮೇಜಿಗೆ ಹೋಗಿ ಎದುರಿಗೇ ಕೂತು ಪಾಸ್‌ವರ್ಡ್ ಬದಲು ಮಾಡಿಸುವುದೆಂದು ಹೊರಟೆ. ಕಾರ್ಖಾನೆ ಮುಗಿಸಿದೆ, ಮಂಡ್ಯಕ್ಕೆ ಹೋಗಿ ಬಂದೆ, ಕೊನೆಗೆ ಬಿಸಿಲಿನಲ್ಲಿ ಬಸ್ಸಿಳಿದು ಮಳವಳ್ಳಿಯ ಕಚೇರಿಗೆ ಕಾಲಿಟ್ಟೆ. ರೂಪಾ ಎದ್ದು ನಿಂತು ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಆಮೇಲೆ ಕೈ ಚಾಚಿದಳು.

"ಗುರುತಿನ ಚೀಟಿ ಮೇಡಂ."

ಚೀಲವೆಲ್ಲ ತಡಕಿದೆ. ಚೀಟಿ ಮದ್ದೂರಿನಲ್ಲಿ ನನ್ನ ಮೇಜಿನ ಮೇಲಿತ್ತು. "ಅಲ್ಲಮ್ಮ, ನಾನು ಯಾರು ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು ಮೇಡಂ" ಎಂದಳು ರೂಪಾ. "ಅದಕ್ಕೇ ಭಯ."

ಅವಳು ಮಾಲೀಕರಿಗೆ ಫೋನ್ ಮಾಡಿ, ನಾನು ಬಂದಿರುವುದು ನಿಜವೇ ಎಂದು ಕೇಳಿ ತಿಳಿದುಕೊಂಡಳು. ನಿಜ ಎಂದಾದ ಮೇಲೂ ಹಿಂಡಿಗೆ ಬಂದಿದ್ದ ಗಿರಾಕಿಯ ಬಿಲ್ ಮುಗಿಸಿದಳು. ಆಮೇಲೆ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, "ಸ್ವಲ್ಪ ಆ ಕಡೆ ತಿರುಗಿ ಮೇಡಂ, ಪಾಸ್‌ವರ್ಡ್ ಹಾಕ್ಬೇಕು" ಎಂದಳು. ತಿರುಗಿ ನಿಂತೆ. ಗೋಡೆಯ ಮೇಲೆ ನಮ್ಮ ಹಿಂಡಿಯ ಜಾಹೀರಾತಿನ ಹಸು ನನ್ನನ್ನೇ ನೋಡುತ್ತಿತ್ತು. ಅವಳು ಬಹಳ ಉದ್ದದ ಪಾಸ್‌ವರ್ಡನ್ನೇ ಇಟ್ಟಿರಬೇಕು. ಕೀಲಿಗಳ ಸದ್ದು ಮುಗಿಯುವಂತೆಯೇ ಕಾಣಲಿಲ್ಲ. ಮುಗಿಯಿತೇನೋ ಎಂದು ಕತ್ತು ಹೊರಳಿಸಿದೆ.

"ಇನ್ನೂ ತಿರುಗ್ಬೇಡಿ" ಎಂದಳು ರೂಪಾ.