ಮೊದಲ ತುತ್ತು ಆಫೀಸರದು

“ಮೇಡಂ, ಈ ಲೇಔಟಲ್ಲಿ ಥರ್ಡ್ ಕ್ರಾಸ್ ಮೂರಿದಾವೆ. ನಿಮಗೆ ಯಾವ ಥರ್ಡ್ ಕ್ರಾಸ್ ಬೇಕು?”

ಉತ್ತರಹಳ್ಳಿಯಿಂದ ಒಳಕ್ಕೆ ತಿರುಗಿ ನಾಲ್ಕನೇ ಸಲ ಅದೇ ನೀರಿನ ಟ್ಯಾಂಕಿನ ಮುಂದೆ ಆಟೋ ನಿಲ್ಲಿಸಿ ಡ್ರೈವರ್ ಕೇಳಿದ. ನನ್ನ ತೊಡೆಯ ಮೇಲೆ ಹುರುಳಿಕಾಯಿ, ಸೌತೆಕಾಯಿ, ಒಂದು ತೆಂಗಿನಕಾಯಿ ಇದ್ದ ಚೀಲ. ಗಂಟೆ ಹನ್ನೊಂದು. ಒಂದು ಗಂಟೆಗೆ ನಾನು ಒಬ್ಬರ ಮನೆಯಲ್ಲಿ ಅಡುಗೆ ಮಾಡಿ ಬಡಿಸಿರಬೇಕು. ಮಾರನೇ ದಿನ ಸಿಂಗಪುರಕ್ಕೆ ವಿಮಾನ, ಆಮೇಲೆ ಒಂಬತ್ತು ತಿಂಗಳು ಹಡಗು. ಇವತ್ತು ತಪ್ಪಿದರೆ ತಪ್ಪಿದಂತೆ.

“ಏನ್ ಮಾಡ್ಕೊಂಡಿದೀರ ಮೇಡಂ?”

“ಹಡಗಲ್ಲಿ ಆಫೀಸರು.”

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. “ಸಮುದ್ರದಲ್ಲಿ ಕ್ರಾಸ್ ಇರಲ್ಲ ಬಿಡಿ.”

ಇಂಥ ಫಜೀತಿ ಇನ್ನೊಬ್ಬರಿಗೆ ವರ್ಷಕ್ಕೊಂದು ಆದರೆ ನನಗೆ ವಾರಕ್ಕೊಂದು. ದೇಶ ಬದಲಾಯಿಸಿ ನೋಡಿದ್ದೇನೆ, ಪ್ರಯೋಜನವಿಲ್ಲ. ಇಳಿದು ಇಸ್ತ್ರಿ ಗಾಡಿಯವನನ್ನು ಕೇಳಿದೆ. “ಜಯನಗರದಿಂದ ಬಂದು ಮನೆ ಕಟ್ಟಿದಾರಲ್ಲ, ರಿಟೈರ್ಡ್ ಎಂಜಿನಿಯರ್ರು, ಗಂಡ ಹೆಂಡ್ತಿ ಇಬ್ಬರೇ...”

ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. “ಓ! ಊಟ ಬಾಕಿ ಇರೋದು ನಿಮ್ದೇನಾ?”

ಕೂತು ತಿನ್ನುವ ಕೆಲಸ

ಬಾಕಿ ಹೇಗಾಯಿತು ಎನ್ನುವುದಕ್ಕೆ ಮೊದಲು ನನ್ನ ಕೆಲಸ ಹೇಳಬೇಕು. ಪ್ರವಾಸಿಗರ ದೊಡ್ಡ ಹಡಗೆಂದರೆ ನೀರಿನ ಮೇಲಿನ ಹೋಟೆಲು. ಅದರ ಆಫೀಸು ನೋಡಿಕೊಳ್ಳುವವರಿಗೆ ಪರ್ಸರ್ ಅನ್ನುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಸಿಸ್ಟೆಂಟ್ ಪರ್ಸರ್ ಆದೆ. ವಾರಕ್ಕೆ ಎರಡು ಸಂಜೆ ಫಾರ್ಮಲ್ ನೈಟ್. ಆವತ್ತು ಪ್ರಯಾಣಿಕರೆಲ್ಲ ಮದುವೆಗೆ ಬಂದಂತೆ ಸಿಂಗರಿಸಿಕೊಂಡು ಊಟಕ್ಕೆ ಬರುತ್ತಾರೆ. ಆಫೀಸರುಗಳು ಬಿಳಿ ಕೋಟು ಹಾಕಿ ಒಂದೊಂದು ಟೇಬಲ್ಲಿಗೆ ಯಜಮಾನರಾಗಿ ಕೂತು, ಅವರನ್ನು ಮಾತಾಡಿಸುತ್ತ ಊಟ ಮಾಡಬೇಕು.

ನಮ್ಮಮ್ಮ ಇದನ್ನು ಜಯನಗರದ ನಮ್ಮ ಬೀದಿಗೆ ವಿವರಿಸಲು ಬಹಳ ಕಷ್ಟಪಟ್ಟಳು. ಎದುರುಮನೆ ಆಂಟಿ ಕೇಳಿದರು, “ಅಲ್ಲಿ ಇವಳು ಊಟ ಬಡಿಸ್ತಾಳಾ?”

“ಬಡಿಸೋದಲ್ಲ ರೀ. ಅದಕ್ಕೆ ಬೇರೆ ಜನ ಇದಾರೆ. ಇವಳು ಕೂತ್ಕೊಂಡು ಊಟ ಮಾಡ್ಬೇಕು.”

“ಅಷ್ಟೇನಾ?”

“ಮಾತೂ ಆಡ್ಬೇಕು.”

“ಅದಕ್ಕೆ ಸಂಬಳ ಕೊಡ್ತಾರಾ?”

“ಡಾಲರ್‌ನಲ್ಲಿ.”

ಆಂಟಿ ಒಳಗೆ ಸೋಫಾದ ಮೇಲಿದ್ದ ತಮ್ಮ ಮಗನ ಕಡೆ ತಿರುಗಿ ನೋಡಿದರು. “ನಮ್ಮ ಹುಡುಗನಿಗೂ ಒಂದು ಮಾತು ಕೇಳಿ ನೋಡಿ. ಅವನಿಗೆ ಏಳು ವರ್ಷ ಅನುಭವ ಇದೆ.”

ಆರಿದ ಸೂಪು

ನನ್ನ ಮೊದಲ ಟೇಬಲ್. ಪಕ್ಕದ ಟೇಬಲ್ಲಿಗೆ ನನ್ನ ಮೇಲಧಿಕಾರಿ ಚೀಫ್ ಪರ್ಸರ್ ಯಜಮಾನರು. ಸ್ಕಾಟ್ಲೆಂಡಿನ ಭಾರೀ ಆಳು, ಮೀಸೆಯೂ ಹಾಗೇ. ಆ ವಾರ ನಾನು ಸರಿಯಾಗಿ ನಡೆಸಿದರೆ ಬಡ್ತಿ, ಭುಜಕ್ಕೆ ಎರಡನೇ ಪಟ್ಟಿ. ಇಲ್ಲವಾದರೆ ಮತ್ತೆ ಕೌಂಟರಿನಲ್ಲಿ ನಿಂತು, ಕೋಣೆಯ ಕಿಟಕಿ ತೆಗೆಯೋಕೆ ಬರಲ್ಲ ಅನ್ನುವವರಿಗೆ ಸಮಾಧಾನ ಹೇಳಬೇಕು.

ನನ್ನ ಟೇಬಲ್ಲಿಗೆ ಏಳು ಅತಿಥಿಗಳು. ಐವರು ಆಸ್ಟ್ರೇಲಿಯಾದವರು. ಇನ್ನಿಬ್ಬರನ್ನು ನೋಡಿ ಎದೆ ಹಗುರಾಯಿತು: ಜರಿ ಪಂಚೆ, ಶಲ್ಯದ ಅಂಕಲ್, ಮೈಸೂರು ರೇಷ್ಮೆ ಉಟ್ಟ ಆಂಟಿ. ಅಂಕಲ್ ನಿವೃತ್ತರಾದ ಖುಷಿಗೆ ಟ್ರಾವೆಲ್ಸ್‌ನವರ ಪ್ಯಾಕೇಜಿನಲ್ಲಿ ಜಯನಗರದಿಂದ ಬಂದಿದ್ದರು. ನಮ್ಮ ಮನೆಯಿಂದ ಎರಡು ಬೀದಿ ಆಚೆ.

ಸೂಪು ಬಂತು. ನಾನು ನಗುತ್ತ ಕಾದೆ. ಅವರೂ ನಗುತ್ತ ಕಾದರು. ನಮ್ಮ ಮನೆಯಲ್ಲಿ ಬಂದವರ ಊಟ ಮುಗಿಯುವ ತನಕ ಅಮ್ಮ ಒಂದು ಗುಟುಕು ನೀರೂ ಕುಡಿದದ್ದು ನಾನು ಕಂಡಿಲ್ಲ. ಅತಿಥಿಗಳ ಮುಂದೆ ತಾನೇ ಮೊದಲು ಬಾಯಿಗಿಡುವುದೆ? ಆದರೆ ಹಡಗಿನ ಪದ್ಧತಿ ಇದಕ್ಕೆ ಪೂರ್ತಿ ಉಲ್ಟಾ. ಟೇಬಲ್ಲಿನ ಆಫೀಸರು ಶುರು ಮಾಡುವವರೆಗೆ ಯಾರೂ ಮುಟ್ಟುವುದಿಲ್ಲ. ನಮಗೆ ಕೊಟ್ಟ ಸರ್ಕ್ಯುಲರಿನಲ್ಲಿ ಉಗುರಿನ ಬಣ್ಣದಿಂದ ಹಿಡಿದು ಎಲ್ಲ ಇತ್ತು, ಇದೊಂದಿರಲಿಲ್ಲ. ಇದನ್ನೂ ಬರೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಐದು ನಿಮಿಷವಾಯಿತು. ಹವಾಮಾನದ ಮಾತೂ ಮುಗಿಯಿತು. ಪಕ್ಕದ ಟೇಬಲ್ಲಿನಿಂದ ಚೀಫ್ ಪರ್ಸರ್ ನನ್ನ ಕಡೆ ನೋಡಿ ಚಮಚ ಎತ್ತಿ ತೋರಿಸಿದರು. ಸೂಪು ಚೆನ್ನಾಗಿದೆ ಅನ್ನುತ್ತಿದ್ದಾರೆ ಅಂದುಕೊಂಡು ನಾನೂ ಚಮಚ ಎತ್ತಿ ಕುಲುಕಿದೆ. ನನ್ನ ಟೇಬಲ್ಲಿನ ಏಳು ಚಮಚಗಳೂ ಮೇಲೆದ್ದವು. ನಾನು ಇಳಿಸಿದೆ. ಏಳೂ ಇಳಿದವು. ಚೀಫ್ ಪರ್ಸರ್ ಮತ್ತೆ ಎತ್ತಿದರು. ನಾವೂ ಎಂಟು ಜನ ಎತ್ತಿ, ಇಳಿಸಿದೆವು. ಚೀಫ್ ಪರ್ಸರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆಗ ಆ ಆಂಟಿ ಮೆಲ್ಲಗೆ ಕನ್ನಡದಲ್ಲಿ ಹೇಳಿದರು, “ಏ ಹುಡುಗಿ, ಇದೇನು ಡ್ರಿಲ್ ಮಾಡಿಸ್ತಿದೀಯ? ಆ ಕಡೆ ನೋಡು, ಆ ಮೀಸೆಯವನು ತಿಂದಮೇಲೇ ಅವನ ಟೇಬಲ್‌ನೋರು ತಿಂದಿದ್ದು. ನೀನು ಶುರು ಮಾಡು.”

“ನೀವು ದೊಡ್ಡವರು ಆಂಟಿ. ನಿಮ್ಮ ಮುಂದೆ ನಾನು ಹೇಗೆ...”

“ಸರಿ, ಸಾಲ ಅಂತ ತಿಳ್ಕೋ. ಬೆಂಗ್ಳೂರಿಗೆ ಬಂದಾಗ ನಮ್ಮನೇಲಿ ನೀನೇ ಅಡುಗೆ ಮಾಡಿ ನನಗೆ ಬಡಿಸು. ನಾನು ಊಟ ಮಾಡಿ ಎದ್ದಮೇಲೆ ನೀನು ಕೂತ್ಕೋ. ಒಪ್ಪಿಗೆನಾ?”

“ಒಪ್ಪಿಗೆ ಆಂಟಿ.”

“ಹಾಗಾದ್ರೆ ಈಗ ತಿನ್ನು. ಇದು ಆರಿ ಅಂಟಾಗ್ತಿದೆ, ಪೋಸ್ಟಾಫೀಸಿಗೆ ಕೊಟ್ರೆ ಸ್ಟಾಂಪ್ ಅಂಟಿಸ್ತಾರೆ.”

ಮೂರು ಕಾಫಿ

ಶುರು ಮಾಡುವುದನ್ನು ಕಲಿತೆನಲ್ಲ, ಮುಗಿಸುವುದನ್ನು ಕಲಿತಿರಲಿಲ್ಲ.

ಅದೇ ವಾರದ ಎರಡನೇ ಫಾರ್ಮಲ್ ನೈಟ್, ಅದೇ ಟೇಬಲ್, ಅದೇ ಜನ. ಎಲ್ಲರದೂ ಆಯಿತು, ಅಂಕಲ್ಲರ ಕಾಫಿ ಬಿಟ್ಟು. ಕೊನೆಯ ಅತಿಥಿ ಮುಗಿಸುವವರೆಗೆ ಆಫೀಸರು ಏಳುವಂತಿಲ್ಲ, ಇದು ಸರ್ಕ್ಯುಲರಿನಲ್ಲಿತ್ತು. ಅಂಕಲ್ ಕಪ್ಪು ಖಾಲಿ ಮಾಡಿದರು, ನನ್ನ ಮುಖ ನೋಡಿದರು, ಇನ್ನೊಂದು ಕಾಫಿ ತರಿಸಿದರು. ಅದನ್ನೂ ಮುಗಿಸಿ, ನನ್ನ ಮುಖ ನೋಡಿ, ಮತ್ತೊಂದು. ಎರಡನೇ ಸರದಿಯವರು ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಂತಿದ್ದರು.

ಆಂಟಿಗೆ ತಡೆಯಲಿಲ್ಲ. “ಏನ್ರೀ ಇದು? ಕಾಫಿ ಕುಡಿದ್ರೆ ನಿದ್ದೆ ಬರಲ್ಲ ಅಂತೀರ, ಮೂರನೇದು!”

“ಆ ಹುಡುಗಿ ಏಳಲಿ ಅಂತ ಕಾಯ್ತಿದೀನಿ ಕಣೇ. ಪಂಕ್ತೀಲಿ ದೊಡ್ಡವರು ಏಳೋ ಮುಂಚೆ ಏಳೋದು ಹೇಗೆ?”

“ಅಯ್ಯೋ ಅಂಕಲ್, ನೀವು ಮುಗಿಸಲಿ ಅಂತ ನಾನು ಕೂತಿದೀನಿ!”

ಆಂಟಿ ಟೇಬಲ್ಲಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟರು: “ಹಿಯರ್ ನೋಬಡಿ ಈಸ್ ಬಿಗ್. ಆಲ್ ಗೆಟಪ್!”

ಎಂಟೂ ಜನ ಒಮ್ಮೆಗೇ ಎದ್ದು ನಿಂತೆವು. ನಮ್ಮನ್ನು ನೋಡಿ ಪಕ್ಕದ ಟೇಬಲ್ ಎದ್ದಿತು, ಅದನ್ನು ನೋಡಿ ಅದರ ಪಕ್ಕದ್ದು. ಯಾವುದೋ ದೇಶದ ರಾಷ್ಟ್ರಗೀತೆ ಇರಬೇಕೆಂದುಕೊಂಡು ಕ್ಯಾಪ್ಟನ್ನರೂ ಎದ್ದು, ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತರು.

ಎರಡನೇ ಪಟ್ಟಿ ಹೇಗೋ ಬಂತು. ನಾನು ಎದ್ದರೆ ಇಡೀ ಹಾಲ್ ಎದ್ದು ನಿಲ್ಲುತ್ತದೆ ಅನ್ನುವುದು ಮೇಲಿನವರಿಗೆ ಹಿಡಿಸಿರಬೇಕು.

ಇಂಜಿನ್ ಕರೆಯುತ್ತಿದೆ

ಆಫೀಸರುಗಳಲ್ಲಿ ನನಗಿಂತ ಕಷ್ಟದವರೂ ಇದ್ದರು. ನಾರ್ವೆಯ ಚೀಫ್ ಎಂಜಿನಿಯರ್ ಇಂಜಿನ್ನಿನ ಜೊತೆ ದಿನವಿಡೀ ಮಾತಾಡುತ್ತಿದ್ದರು, ಮನುಷ್ಯರ ಜೊತೆ ಇಲ್ಲ. ಅದಕ್ಕೊಂದು ಉಪಾಯ ಮಾಡಿದ್ದರು. ಊಟದ ಮಧ್ಯೆ ಕೆಳಗಿನಿಂದ ಫೋನ್ ಬರಬೇಕು. ಇವರು “ಕ್ಷಮಿಸಿ, ಇಂಜಿನ್ ಕರೀತಿದೆ” ಎಂದು ಎದ್ದು ಹೋಗಬೇಕು.

ಎರಡು ಸಲ ನಡೆಯಿತು. ಮೂರನೇ ಸಲ ಟೇಬಲ್ಲಿನ ಅಜ್ಜಿಯೊಬ್ಬರು “ಏನಾಯ್ತಪ್ಪ?” ಎಂದು ಕೇಳಿಬಿಟ್ಟರು. ಸುಳ್ಳು ರೂಢಿಯಿಲ್ಲದ ಮನುಷ್ಯ. “ಗಾಬರಿಯಾಗಬೇಡಿ, ಇನ್ನೂ ಟೈಮಿದೆ. ಐಸ್‌ಕ್ರೀಮ್ ತಿನ್ನಿ” ಎಂದು ಸಮಾಧಾನ ಹೇಳಿ ಹೋದರು.

ಸ್ವಲ್ಪ ಹೊತ್ತಿಗೆ ನಾನು ಡೆಕ್ಕಿಗೆ ಹೋಗಿ ನೋಡಿದರೆ, ರೇಷ್ಮೆ ಗೌನು, ಕರಿ ಕೋಟುಗಳ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು ಏಳು ಜನ ಲೈಫ್‌ಬೋಟಿನ ಕೆಳಗೆ ಸಾಲಾಗಿ ನಿಂತಿದ್ದಾರೆ. ಅಜ್ಜಿ ಮಾತ್ರ ಐಸ್‌ಕ್ರೀಮ್ ಬಟ್ಟಲು ಹಿಡಿದು ತಿನ್ನುತ್ತಿದ್ದರು.

ಇನ್ನು ಮುಂದೆ ಊಟದ ಮಧ್ಯೆ ಇಂಜಿನ್ನಿನ ಹೆಸರು ಹೇಳಿ ಏಳಕೂಡದೆಂದು ಕ್ಯಾಪ್ಟನ್ನರ ಆಜ್ಞೆಯಾಯಿತು. ಮುಂದಿನ ಸಲ ಚೀಫ್ ಎಂಜಿನಿಯರ್ ಹೊಟ್ಟೆನೋವು ಎಂದು ಎದ್ದರು. ಅಡುಗೆಮನೆಯ ಹೆಡ್ ಶೆಫ್ ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟ.

ಕಾಂಪ್ಲೆಕ್ಸಿನಲ್ಲಿ ಮಾನ

ಸಾಲಕ್ಕೆ ಬರೋಣ. ಮೂರು ರಜೆ ಕಳೆದವು. ಒಂದರಲ್ಲಿ ಲಡಾಖಿಗೆ ಹೋದೆ, ಒಂದರಲ್ಲಿ ಈಜಿಪ್ಟಿಗೆ, ಇನ್ನೊಂದರಲ್ಲಿ ಕಾಲು ಉಳುಕಿತ್ತು. ನಿಜ ಹೇಳಬೇಕೆಂದರೆ ನನಗೆ ಅಡುಗೆ ಬರುತ್ತಿರಲಿಲ್ಲ. ಕೂತು ತಿನ್ನುವುದೇ ಕಸುಬಾದವಳಿಗೆ ಹೇಗೆ ಬರಬೇಕು?

ಈ ನಡುವೆ ಆ ಅಂಕಲ್, ಆಂಟಿ ಉತ್ತರಹಳ್ಳಿ ಕಡೆ ಮನೆ ಕಟ್ಟಿಕೊಂಡು ಹೋದರು. ಆದರೂ ಆಂಟಿ ತರಕಾರಿಗೆ ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿಗೇ ಬರುತ್ತಿದ್ದರು. ಅಲ್ಲಿ ಅಮ್ಮ ಕಂಡರೆ ಸಾಕು, ನಾಲ್ಕು ಅಂಗಡಿಗೆ ಕೇಳುವಂತೆ, “ನಿಮ್ಮ ಮಗಳದ್ದು ನಮ್ಮನೇಲಿ ಒಂದು ಊಟ ಬಾಕಿ ಇದೆ ಕಣ್ರೀ!”

ಸೊಪ್ಪಿನವಳೂ ಅಮ್ಮನನ್ನು ವಿಚಾರಿಸತೊಡಗಿದಳು. “ತೀರ್ತಾ ಅಮ್ಮ ಅದು?”

ಈ ಸಲ ಅಮ್ಮ ಖಡಾಖಂಡಿತ ಹೇಳಿದಳು. “ಅದನ್ನ ತೀರಿಸದೇ ಹಡಗು ಹತ್ತಿದ್ರೆ ನೋಡು, ನಾನು ಕಾಂಪ್ಲೆಕ್ಸಿಗೆ ಕಾಲಿಡಲ್ಲ. ನಿಮ್ಮಪ್ಪ ತರೋ ಬದನೆಕಾಯೇ ಈ ಮನೆಗೆ ಗತಿ.” ಅಪ್ಪ ತರುವ ಬದನೆಕಾಯಿಯಲ್ಲಿ ನಮಗಿಂತ ಮೊದಲು ಬೇರೆಯವರು ಸಂಸಾರ ಹೂಡಿರುತ್ತಿದ್ದರು. ಒಂದು ವಾರ ಅಮ್ಮನ ಹತ್ತಿರ ಪಾಠ ಹೇಳಿಸಿಕೊಂಡು ಹೊರಟೆ.

ತೀರುವಳಿ

ಇಸ್ತ್ರಿಯವನು ಗಾಡಿ ಬಿಟ್ಟು ಬಂದು ಮನೆ ತೋರಿಸಿದ. ಆಂಟಿ ಗೇಟಿನಲ್ಲೇ ನಿಂತಿದ್ದರು. “ಬಂದ್ಯಾ? ಅಡುಗೆಮನೆ ಆ ಕಡೆ” ಎಂದು ಕೈ ತೋರಿಸಿ, ಹಾಲಿನಲ್ಲಿ ಕೂತುಬಿಟ್ಟರು. ಅಲ್ಲಿಂದಲೇ ವಾಸನೆಯ ಮೇಲೆ ಆಜ್ಞೆಗಳು ಬರುತ್ತಿದ್ದವು. “ಸಾಸಿವೆ ಸೀದ್ಹೋಯ್ತು, ಬೇರೆ ಹಾಕು!” “ಬೇಳೆ ಉಕ್ತಿದೆ!” “ಆ ಡಬ್ಬ ತೆಗೀಬೇಡ, ಅದು ಸೋಡ!”

ಒಂದೂಕಾಲಿಗೆ ಇಬ್ಬರಿಗೂ ಎಲೆ ಹಾಕಿದೆ. ಕೋಸಂಬರಿ, ಹುರುಳಿಕಾಯಿ ಪಲ್ಯ, ಅನ್ನ, ಬೇಳೆ ಸಾರು, ಶಾವಿಗೆ ಪಾಯಸ. ಅಂಕಲ್ ಶುರು ಮಾಡಿದರು. ಆಂಟಿ ಕೂರಲಾರದೆ ಕೂತರು. ಅಂಕಲ್ಲರ ಎಲೆಯಲ್ಲಿ ಪಲ್ಯ ಖಾಲಿಯಾದ ಕೂಡಲೇ ಎದ್ದು ಸೌಟಿಗೆ ಕೈ ಹಾಕಿದರು. ನಾನು ಭುಜ ಒತ್ತಿ ಕೂರಿಸಿದೆ. ಮತ್ತೆ ಎದ್ದರು, ಮತ್ತೆ ಕೂರಿಸಿದೆ. “ಆಂಟಿ, ಈ ಟೇಬಲ್ಲಿಗೆ ಆಫೀಸರು ನಾನು.”

ಮೂರನೇ ಸಲ ಅವರು ಏಳಲಿಲ್ಲ. ಒಂದು ತುತ್ತು ಸಾರನ್ನ ಬಾಯಿಗಿಟ್ಟರು. ಇನ್ನೊಂದು. ಬೆನ್ನು ಕುರ್ಚಿಗೆ ಆತುಕೊಂಡಿತು.

“ಪಲ್ಯ ಹಾಕು. ಅಷ್ಟಲ್ಲ, ಇನ್ನೂ ಹಾಕು. ಪಾಯಸ ಎಲ್ಲಿ?”

ಹಾಕಿದೆ. ಮತ್ತೆ ಕೇಳಿದರು, ಮತ್ತೆ ಹಾಕಿದೆ. ಅಂಕಲ್ ಊಟ ನಿಲ್ಲಿಸಿ ಹೆಂಡತಿಯನ್ನೇ ನೋಡುತ್ತಿದ್ದರು. “ನಿನಗೆ ಪಾಯಸ ಇಷ್ಟ ಅಂತ ನಂಗೆ ಗೊತ್ತೇ ಇರ್ಲಿಲ್ವಲ್ಲೇ!”

“ಉಳಿದಿದ್ರೆ ತಾನೇ ಇಷ್ಟಪಡೋದು” ಎಂದು ಆಂಟಿ ಬಟ್ಟಲು ಮುಂದೆ ಚಾಚಿದರು.

ಅಂಕಲ್ ತಮ್ಮ ಬಟ್ಟಲಿನ ಪಾಯಸವನ್ನೂ ಅದಕ್ಕೆ ಬಗ್ಗಿಸಿದರು.

ಊಟ ಮುಗಿಸಿ, ಕೈ ತೊಳೆದು ಬಂದು, ನನ್ನೆದುರು ಕಾಲು ಚಾಚಿ ಕೂತು ಆಂಟಿ ಹೇಳಿದರು, “ಈಗ ನೀನು ಕೂತ್ಕೋ. ಸಂಕೋಚ ಬೇಡ, ಬೇಕಾದ್ದು ಹಾಕ್ಕೊಂಡು ಹೊಟ್ಟೆ ತುಂಬಾ ತಿನ್ನು.”

ಪಾತ್ರೆಗಳ ಮುಚ್ಚಳ ಒಂದೊಂದೇ ತೆಗೆದೆ. ಅನ್ನ ಒಂದು ಹಿಡಿ. ಪಲ್ಯದ್ದು ಖಾಲಿ. ಕೋಸಂಬರಿಯಲ್ಲಿ ಒಂದು ಕರಿಬೇವಿನೆಲೆ. ಸಾರಿನ ತಳದಲ್ಲಿ ಒಂದು ಮೆಣಸಿನಕಾಯಿ ಮಲಗಿತ್ತು. ಪಾಯಸದ ಪಾತ್ರೆ ತೊಳೆದಿಟ್ಟಷ್ಟು ಚೊಕ್ಕಟ.

“ಆಂಟಿ, ಏನೂ ಇಲ್ವಲ್ಲ!”

“ಇರಲ್ಲ ಕಣೇ” ಎಂದರು ಆಂಟಿ ತೃಪ್ತಿಯಿಂದ. “ಮೂವತ್ತೆಂಟು ವರ್ಷದಿಂದ ನಾನೂ ಹುಡುಕ್ತಾ ಇದೀನಿ. ಮೊಸರಿದೆ, ಕಲಸ್ಕೋ. ನಿನ್ನ ಸಾಲ ತೀರ್ತು.”