ಕಾಫಿ ಕಪ್ಪಿನಂಥ ಮನೆ, ಹೆಂಚಿನ ಬಂಗಲೆ

ಹುತ್ತರಿ ಹಬ್ಬದ ಮರುದಿನ, ಏಳನೇ ಕ್ಲಾಸಿನ ಪುಸ್ತಕದ ಚೀಲ ಮಾದಾಪುರದ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ನಾನು ಮೊದಲ ಸಲ ಮನೆಯಿಂದ ಹೊರಟೆ. ಆಮೇಲೆ ಪೇಂಟಿಂಗ್ ಬ್ರಶ್ ಹಿಡಿದು ಊರೂರು ತಿರುಗಿದೆ. ಹೋದಲ್ಲೆಲ್ಲ ಯಾವುದೋ ಒಂದು ಕಟ್ಟಡ ನನ್ನನ್ನು ನಗಿಸಿಯೇ ಕಳಿಸಿದೆ. ಮಡಿಕೇರಿಯಲ್ಲಿ ಒಬ್ಬ ಸಾವ್ಕಾರ್ರ ಕಟ್ಟಡ ಮಾತ್ರ ಎಲ್ಲವನ್ನೂ ಮೀರಿಸಿತು.

೧. ಮೂಲೆ ಎಲ್ಲಿ?

ಅವರ ಹಳೇ ಹೆಂಚಿನ ಬಂಗಲೆಯಲ್ಲಿ ಹೋಂಸ್ಟೇ ನಡೆಯುತ್ತಿತ್ತು. ಪಕ್ಕದಲ್ಲೇ ಕಾಫಿ ಕಪ್ಪಿನ ಆಕಾರದ ಮೂರಂತಸ್ತಿನ ಹೊಸ ಮನೆ ಕಟ್ಟಿಸಿದರು, ಹಿಡಿ ಸಮೇತ. ಹಿಡಿಯೊಳಗೆ ಮೆಟ್ಟಿಲು! ಬಣ್ಣ ಬಳಿಯುವ ನನಗಂತೂ ಖುಷಿಯೋ ಖುಷಿ. ವಾಸ್ತು ನೋಡಲು ಬಂದವರು ಒಳಗೆ ಸುತ್ತಿ ಸುತ್ತಿ ಬೆವತರು.

"ನೈಋತ್ಯ ಮೂಲೆ ಎಲ್ಲಿ ಸಾವ್ಕಾರ್ರೇ?"

"ಮೂಲೆಯೇ ಇಲ್ಲ. ಇನ್ನು ದೋಷ ಎಲ್ಲಿ ಕೂತ್ಕೊಳ್ತದೆ?"

ವಾಸ್ತುವಿನವರು ಗೋಡೆ ಸವರಿಕೊಂಡು ಬಾಗಿಲು ಹುಡುಕಿದರು.

೨. ಒಂದು ಲೋಟ ಕಾಫಿ

"ಈ ಮಳೆಗಾಲ ಕಳೆದ ಮೇಲೆ ಬಂಗಲೆ ಕೆಡವಿ ಪಾರ್ಕಿಂಗ್ ಮಾಡ್ತೇನೆ," ಅಂದರು ಸಾವ್ಕಾರ್ರು. ಅಡುಗೆಯ ಅಕ್ಕನ ಮುಖ ಸಪ್ಪಗಾಯಿತು. ಆಕೆಯ ಕೆಲಸ, ವಾಸ ಎರಡೂ ಆ ಬಂಗಲೆಯಲ್ಲೇ.

"ಹೊಸದರಲ್ಲಿ ಅಡುಗೆ ಮಾಡೋದಲ್ವಾ ಅಕ್ಕ?" ಅಂತ ಕೇಳಿದೆ.

"ಊಟ ಹೋಟೆಲಿಂದ ತರಿಸ್ತಾರಂತೆ. ಅಷ್ಟು ದೊಡ್ಡ ಕಪ್ಪಿನೊಳಗೆ ಒಂದು ಲೋಟ ಕಾಫಿ ಕಾಸ್ಲಿಕ್ಕೆ ಒಲೆಯಿಲ್ಲ ಮಾರಾಯ!"

೩. ಕೊಡೆ

ನಮ್ಮ ಕಡೆ ತಾರಸಿ ಹಾಕಿದವರು ಅದರ ಮೇಲೆ ಇಳಿಜಾರು ಶೀಟಿನ ಮಾಡನ್ನೂ ಹಾಕುತ್ತಾರೆ. ಇಲ್ಲದಿದ್ದರೆ ಇಲ್ಲಿನ ಮಳೆಗೆ ತಾರಸಿ ತಡೆಯುವುದಿಲ್ಲ. "ಕಪ್ಪಿಗೆ ಯಾರಾದ್ರೂ ಮಾಡು ಹಾಕ್ತಾರಾ? ಅಂದ ಕೆಡ್ತದೆ," ಅಂದಿದ್ದರು ಸಾವ್ಕಾರ್ರು.

ಜೂನಿನ ಮಳೆಗೆ ಆ ಬಾಯ್ದೆರೆದ ಕಪ್ಪು ತುಂಬಿತು. ನೀರಿಳಿಯುವ ಪೈಪಿಗೆ ಎಲೆ ಸಿಕ್ಕಿ, ತಾರಸಿ ಸೋರಿ, ಹಿಡಿಯೊಳಗಿನ ಮೆಟ್ಟಿಲ ಮೇಲೆ ಅಬ್ಬಿ ಜಲಪಾತವೇ ಇಳಿಯಿತು. ಹೊಸ ಮನೆಯಲ್ಲಿ ಇಳಿದಿದ್ದ ಅತಿಥಿಗಳು ಸೂಟ್‌ಕೇಸ್ ತಲೆ ಮೇಲಿಟ್ಟುಕೊಂಡು ಬಂಗಲೆಗೆ ಓಡಿ ಬಂದರು. ಹೆಂಚಿನಡಿ ಒಂದು ಹನಿಯಿಲ್ಲ. ಅಕ್ಕ ಎಲ್ಲರನ್ನೂ ಒಲೆಯ ಸುತ್ತ ಕೂರಿಸಿ ಬಿಸಿ ಕಡಂಬುಟ್ಟಿನ ಅಕ್ಕಿ ಉಂಡೆ ಬಡಿಸಿದಳು.

ಕೊನೆಗೆ ಬಂದವರು ಸಾವ್ಕಾರ್ರು. ಅವರು ಕೊಡೆ ಬಿಡಿಸಿದ್ದು ಹೊಸ ಮನೆಯ ಒಳಗೇ!

"ಅಕ್ಕ, ನನಗೂ ಒಂದು ಚಾಪೆ ಹಾಕು."

"ಕೆಡವೋ ಮನೇಲಿ ಮಲಗ್ತೀರಾ?"

"ಯಾರು ಕೆಡವೋದು? ಒಂದು ಹೆಂಚು ಮುಟ್ಟಿದ್ರೂ ಕೈ ಮುರೀತೇನೆ!"

ಅಕ್ಕ ಉಸಿರು ಬಿಟ್ಟದ್ದು ಒಲೆ ಊದಿದಷ್ಟು ಜೋರಾಗಿ ಕೇಳಿಸಿತು. ನನಗೂ ಹಾಯೆನಿಸಿತು. ನೋಡಿ ನಗಲಿಕ್ಕೆ ಕಪ್ಪು, ಮಲಗಲಿಕ್ಕೆ ಬಂಗಲೆ, ಎರಡೂ ಇರಲಿ.

ಬೆಳಿಗ್ಗೆ ಸಾವ್ಕಾರ್ರು ಅಂಗಳದಲ್ಲಿ ಕಪ್ಪನ್ನೇ ದಿಟ್ಟಿಸುತ್ತಾ ನಿಂತಿದ್ದರು.

"ತಪ್ಪು ಎಲ್ಲಾಯ್ತು ಅಂತ ಗೊತ್ತಾಯ್ತು ಮಾರಾಯ. ಆ ಕಡೆ ಇನ್ನೊಂದು ಕಟ್ಟುವ. ಈ ಸಲ ಕಪ್ಪನ್ನ ಕವುಚಿ ಹಾಕುವ!"

ಅವರು ತಮಾಷೆ ಮಾಡುವ ಜನ ಅಲ್ಲ. ನಾನು ಒಳಗೆ ಹೋಗಿ, ಮುಂದಿನ ಊರಿನ ಬಸ್ ಹಿಡಿಯಲು ಬ್ರಶ್ಶುಗಳನ್ನು ಚೀಲಕ್ಕೆ ತುಂಬತೊಡಗಿದೆ.